ಮೂಡಿಗೆರೆ ಮಳೆಗೆ ಕೈಯಲ್ಲಿ ಮಾಡಿದ ಸೋಪು ತಡೆಯುತ್ತದೆಯೇ?

ಚಿಕ್ಕಮಗಳೂರಿನಲ್ಲಿ ಮನೆಯಲ್ಲೇ ಸೋಪು ಮಾಡಿ ಮಾರುವವರೊಬ್ಬರಿಂದ ಕೆಲವು ವರ್ಷಗಳಿಂದ ತರಿಸುತ್ತಿದ್ದೇವೆ. ಕೊಬ್ಬರಿ ಎಣ್ಣೆಯೇ ಹೆಚ್ಚು, ಜೊತೆಗೆ ಸ್ವಲ್ಪ ಹರಳೆಣ್ಣೆ. ಒಂದು ಬಗೆಯಲ್ಲಿ ಕಾಫಿ ಪುಡಿಯೂ ಇದೆ. ನೊರೆ ಧಾರಾಳ, ಪರಿಮಳ ಹಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರು ಗ್ರಾಮಿಗೆ 120 ರೂಪಾಯಿ ಕೊಟ್ಟ ಮೇಲೆ ಎಷ್ಟು ದಿನ ಬರುತ್ತದೆ ಎಂದು ಕೇಳದವರಿಲ್ಲ.

ಉಜ್ಜಿ ಸವೆಯುವುದಕ್ಕಿಂತ ಇಟ್ಟಲ್ಲೇ ಕರಗಿ ಹೋಗುವ ಸೋಪೇ ಜಾಸ್ತಿ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಸೋಪಾಗುವಾಗ ಗ್ಲಿಸರಿನ್ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಅದನ್ನು ಬೇರ್ಪಡಿಸುತ್ತಾರೆ, ಮನೆಯ ಸೋಪಿನಲ್ಲಿ ಹಾಗೇ ಉಳಿಯುತ್ತದೆ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆ ಹಿಡಿದುಕೊಂಡರೆ ಮೂಡಿಗೆರೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಮುಟ್ಟದೆ ಇಟ್ಟ ಸೋಪಿನ ಮೇಲೂ ಸಾಸಿವೆ ಕಾಳಿನಷ್ಟು ಹನಿಗಳು ಮೂಡಿರುತ್ತವೆ.

ಹಾಗಾಗಿ ಯಾವಾಗ ಕೊಳ್ಳುತ್ತೀರಿ ಎನ್ನುವುದು ಬಹಳ ಮುಖ್ಯ. ಕುದಿಸದೆ ಮಾಡುವ ಸೋಪನ್ನು ಕತ್ತರಿಸಿದ ಮೇಲೆ 4ರಿಂದ 6 ವಾರ ಗಾಳಿಗಿಡಬೇಕು, ಒಳಗಿನ ನೀರು ಆರಿ ಗಟ್ಟಿಯಾಗಲು ಅಷ್ಟು ಬೇಕು. ಮಳೆಗಾಲದಲ್ಲಿ ಅದೂ ಸಾಲದು. ಒಮ್ಮೆ ಆಗಸ್ಟ್‌ನಲ್ಲಿ ಬಂದ ಕಟ್ಟು ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿತ್ತು, ಚೀಟಿಯಲ್ಲಿ ತಯಾರಿಸಿದ ತಾರೀಖೂ ಇರಲಿಲ್ಲ. ಈ ಸೋಪಿಗೆ ರೇಟಿಂಗ್‌ನಲ್ಲಿ ಒಂದು ನಕ್ಷತ್ರ ಕಡಿಮೆ ಕೊಟ್ಟಿದ್ದು ಅದಕ್ಕೇ. ಈಗ ಮಾರ್ಚ್‌ನಲ್ಲೇ ತರಿಸಿ, ಪ್ಲಾಸ್ಟಿಕ್ ಸುತ್ತು ಬಿಚ್ಚಿ, ಬೀರುವಿನ ಮೇಲೆ ಪೇಪರ್ ಹಾಸಿ ಒಂದಕ್ಕೊಂದು ತಾಗದಂತೆ ಜೋಡಿಸುತ್ತೇವೆ. ಮೇ ಕೊನೆಗೆ ಪೇಪರಿನಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಗೆ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ, ಹೊಗೆ ವಾಸನೆ ಹಿಡಿಯುತ್ತದೆ.

ಬಚ್ಚಲಲ್ಲಿ ತೂತಿನ ಪ್ಲಾಸ್ಟಿಕ್ ಡಬ್ಬಿ ಅಷ್ಟು ಪ್ರಯೋಜನವಿಲ್ಲ. ಸೋಪಿನ ಲೋಳೆಯೇ ತೂತು ಮುಚ್ಚುತ್ತದೆ. ನಮ್ಮಲ್ಲಿ ಒಣಗಿದ ಹೀರೆಕಾಯಿಯ ನಾರನ್ನು ದಪ್ಪ ಬಿಲ್ಲೆಯಾಗಿ ಕತ್ತರಿಸಿ ಅಡಿಗಿಡುತ್ತೇವೆ. ನೀರು ತಕ್ಷಣ ಇಳಿಯುತ್ತದೆ, ಕೆಳಗಿನಿಂದಲೂ ಗಾಳಿಯಾಡುತ್ತದೆ, ಮುಂದಿನ ಸ್ನಾನದ ಹೊತ್ತಿಗೆ ಅಡಿಭಾಗ ಮುಟ್ಟಿದರೆ ಕೈಗೆ ಅಂಟುವುದಿಲ್ಲ. ನಾರಿಗೆ ಹಿಡಿದ ಸೋಪೂ ದಂಡವಲ್ಲ, ಅದರಲ್ಲೇ ಬಚ್ಚಲು ತಿಕ್ಕಿದರಾಯಿತು. ಇಡೀ ಸೋಪನ್ನು ಒಮ್ಮೆಲೇ ಇಳಿಸದೆ ಎರಡು ಹೋಳು ಮಾಡಿ; ಅರ್ಧ ಬಚ್ಚಲಿಗೆ, ಅರ್ಧ ಡಬ್ಬಿಯಲ್ಲೇ ಇರಲಿ. ಮನೆಯಲ್ಲಿ ಜನ ಜಾಸ್ತಿಯಿದ್ದರೆ ಎರಡು ತುಂಡುಗಳನ್ನು ದಿನ ಬಿಟ್ಟು ದಿನ ಬಳಸಿ. ಚೊಂಬಿನ ನೀರು ಸಿಡಿಯದಷ್ಟು ಎತ್ತರದಲ್ಲಿಡಿ.

ಕಡೂರಿನಲ್ಲಿರುವ ತಂಗಿಗೂ ಇದೇ ಸೋಪು ಕೊಡುತ್ತೇನೆ. ಅಲ್ಲಿ ಗಾಳಿ ಒಣ, ಕರಗುವ ಕಾಟವಿಲ್ಲ. ಆದರೆ ಅವಳ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗಿ ಬಕೆಟ್ಟಿಗೆ ಹಿಡಿಯುತ್ತವೆ, ಒಂದಷ್ಟು ಸೋಪು ಅಲ್ಲೇ ಖರ್ಚು. ಕೊಬ್ಬರಿ ಎಣ್ಣೆಯ ಸೋಪು ಗಡಸು ನೀರಿನಲ್ಲೂ ನೊರೆ ಕೊಡುವುದರಿಂದ ಅವಳಿಗೆ ಇದೇ ವಾಸಿ.

ಹಾಗೆಂದು ವರ್ಷಗಟ್ಟಲೆ ಕೂಡಿಡುವ ಸಾಮಾನಲ್ಲ. ಹಳೆಯದಾದಂತೆ ಸೋಪಾಗದೆ ಉಳಿದ ಎಣ್ಣೆ ಕೆಟ್ಟು ಕಿತ್ತಳೆ ಬಣ್ಣದ ಚುಕ್ಕಿ ಬೀಳುತ್ತದೆ, ಕಮಟು ವಾಸನೆ ಬರುತ್ತದೆ. ಒಂದು ಮಳೆಗಾಲಕ್ಕಾಗುವಷ್ಟು ತರಿಸಿ, ತಯಾರಿಸಿದ ತಾರೀಖು ಕೇಳಿಯೇ ದುಡ್ಡು ಕೊಡಿ.