ತೇಲುವ ಮನೆಯ ಪಾಂಟೂನು: ಬಣ್ಣ ಬಳಿಯುವ ಮೊದಲೇ ಪರೀಕ್ಷಿಸಿ

ಹಿರಿಯೂರು, ಹೊಸದುರ್ಗದ ಕಡೆ ಅಡಿಕೆ, ದಾಳಿಂಬೆ ತೋಟಗಳಲ್ಲಿ ಈಗ ದೊಡ್ಡ ಹೊಂಡಗಳಿವೆ. ಕೊಳವೆಬಾವಿಯ ನೀರನ್ನು ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ತುಂಬಿಸಿ ಹನಿ ನೀರಾವರಿಗೆ ಬಿಡುತ್ತೇವೆ. ಆ ನೀರಿನ ಮೇಲೆ ಪುಟ್ಟ ತೇಲುವ ಮನೆಯೊಂದನ್ನು ಕಟ್ಟುವ ಆಸೆ ನನ್ನಂತೆ ಇನ್ನೂ ಕೆಲವರಿಗೆ ಬಂದಿದೆಯಂತೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮನೆಯ ಬಗ್ಗೆ ನನ್ನ ದೂರಿಲ್ಲ. ದೂರಿರುವುದು ಅದನ್ನು ಹೊರಬೇಕಾಗಿದ್ದ ಪಾಂಟೂನುಗಳ ಬಗ್ಗೆ, ಅಂದರೆ ಎಲ್ಲ ಕಡೆ ಮುಚ್ಚಿದ ಉದ್ದನೆಯ ಉಕ್ಕಿನ ಪೆಟ್ಟಿಗೆಗಳ ಬಗ್ಗೆ. ದಾವಣಗೆರೆಯ ಒಂದು ವರ್ಕ್‌ಶಾಪ್‌ನಲ್ಲಿ ಮಾಡಿಸಿದೆ. ಹೆಸರು ಬೇಡ. ಗೇಟು, ಟ್ರ್ಯಾಕ್ಟರ್ ಟ್ರೇಲರ್, ನೀರಿನ ಟ್ಯಾಂಕರ್‌ಗಳನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ. "ಟ್ಯಾಂಕರ್ ಮಾಡುವವರಿಗೆ ಇದೇನು ಮಹಾ, ಸ್ವಾಮಿ?" ಎಂದು ಮಾಲೀಕರು ನಕ್ಕಿದ್ದರು. ಟ್ಯಾಂಕರ್ ಸೋರಿದರೆ ರಸ್ತೆ ಒದ್ದೆಯಾಗುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಪಾಂಟೂನು ಸೋರುವುದು ಒಳಮುಖವಾಗಿ. ಮನೆ ವಾಲುವವರೆಗೆ ಯಾರಿಗೂ ಸುಳಿವು ಸಿಗುವುದಿಲ್ಲ.

ನಾನು ಕೊಟ್ಟ ನಕ್ಷೆಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ತಲಾ 6 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರ. ಎರಡೂ ಪೂರ್ತಿ ಮುಳುಗಿದರೆ ಸುಮಾರು ಆರೂವರೆ ಟನ್ ಭಾರ ತಡೆಯುತ್ತವೆ. ಪೆಟ್ಟಿಗೆ, ಮನೆ, ಜನ ಎಲ್ಲ ಸೇರಿ ಮೂರೂವರೆ ಟನ್ ಮೀರದಂತೆ ನೋಡಿಕೊಂಡರೆ ಹೆಚ್ಚುಕಡಿಮೆ ಅರ್ಧ ಪೆಟ್ಟಿಗೆ ನೀರಿನ ಮೇಲಿರುತ್ತದೆ. 4 ಮಿಲಿಮೀಟರ್ ಪ್ಲೇಟು, ಪ್ರತಿ ಪೆಟ್ಟಿಗೆಯೊಳಗೆ ಮೂರು ಅಡ್ಡಗೋಡೆ, ಅಂದರೆ ನಾಲ್ಕು ಕೋಣೆ ಎಂದು ಸ್ಪಷ್ಟವಾಗಿ ಬರೆದಿದ್ದೆ. ಒಂದು ಕೋಣೆಗೆ ನೀರು ನುಗ್ಗಿದರೂ ಉಳಿದವು ಎತ್ತಿ ಹಿಡಿಯಬೇಕೆಂಬುದು ಉದ್ದೇಶ.

ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯ ಒಂದು ಮೂಲೆ ತಗ್ಗಿತು. ಒಂದು ಪೆಟ್ಟಿಗೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ 540 ಕಿಲೋ. ಆ ನೀರು ಇದ್ದಲ್ಲೇ ಇರುವುದೂ ಇಲ್ಲ. ತಗ್ಗಿದ ಕಡೆಗೇ ಹರಿದು ಅದನ್ನು ಇನ್ನಷ್ಟು ತಗ್ಗಿಸುತ್ತದೆ. ವಾಲಿದ ಪೆಟ್ಟಿಗೆಯ ಚೂಪು ಮೂಲೆ ದಂಡೆಯ ಇಳಿಜಾರಿಗೆ ಉಜ್ಜಿ ಹೊಂಡದ ಪ್ಲಾಸ್ಟಿಕ್ಕನ್ನೂ ಹರಿಯಿತು. ಬೇಸಿಗೆಗೆಂದು ಕೂಡಿಟ್ಟ ನೀರು ಮಣ್ಣುಪಾಲಾಯಿತು.

ಕ್ರೇನ್ ತರಿಸಿ ಮೇಲೆತ್ತಿ, ನೀರು ಬಸಿದು, ವೇಬ್ರಿಡ್ಜ್‌ಗೆ ಒಯ್ದಾಗ ಮೊದಲ ಗುಟ್ಟು ಹೊರಬಿತ್ತು. 4 ಮಿಲಿಮೀಟರ್ ಪ್ಲೇಟು ಚದರ ಮೀಟರಿಗೆ 31.4 ಕಿಲೋ ತೂಗುತ್ತದೆ. ಅಡ್ಡಗೋಡೆ, ಆಂಗಲ್ ಎಲ್ಲ ಸೇರಿ ಎರಡೂ ಪೆಟ್ಟಿಗೆಗಳು 1,500 ಕಿಲೋ ಇರಬೇಕಿತ್ತು, ಕಿಲೋ ಲೆಕ್ಕದ ಬಿಲ್ಲಿನಲ್ಲಿ ಹಾಗೆಯೇ ಇತ್ತು. ಚೀಟಿಯಲ್ಲಿ ಬಂದದ್ದು 1,100ರ ಆಸುಪಾಸು. ಹಾಕಿದ್ದು 3 ಮಿಲಿಮೀಟರ್ ಪ್ಲೇಟು. ಅಡ್ಡಗೋಡೆ ಒಂದೂ ಇರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಇಣುಕಿ ನೋಡುವವರು ಯಾರು? ಆದ್ದರಿಂದ ಮೇಲಿನ ಪ್ಲೇಟು ಕೂರಿಸುವ ಮುನ್ನ ನೀವೇ ಶೆಡ್ಡಿಗೆ ಹೋಗಿ, ವರ್ನಿಯರ್‌ನಿಂದ ದಪ್ಪ ಅಳೆದು, ಅಡ್ಡಗೋಡೆಗಳ ಫೋಟೋ ತೆಗೆದುಕೊಳ್ಳಿ. ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಎರಡನೆಯ ಗುಟ್ಟು ಇನ್ನೂ ನಾಜೂಕಿನದು. ಕೆಳಗಿನ ಅಂಚಿನ ವೆಲ್ಡಿಂಗ್ ನೋಡಲು ಕನ್ನಡಿಯಂತೆ ನುಣುಪಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಬಣ್ಣದ ಜೊತೆ ಬೂದುಬಣ್ಣದ ಪುಟ್ಟಿ ಉದುರಿತು, ಅದರ ಹಿಂದೆ ಉಗುರು ತೂರುವಷ್ಟು ಸಂದು. ಅಲ್ಲಲ್ಲಿ ಮಾತ್ರ ವೆಲ್ಡಿಂಗ್ ಹಾಕಿ, ಗ್ರೈಂಡರ್ ಆಡಿಸಿ, ನಡುವೆ ಪುಟ್ಟಿ ತುಂಬಿದ್ದರು. ಕಿಟಕಿಯ ಗ್ರಿಲ್ಲಿಗೆ ಅಷ್ಟು ಸಾಕು. ಮುಳುಗುವ ಪೆಟ್ಟಿಗೆಗೆ ವೆಲ್ಡಿಂಗ್ ಎಲ್ಲಿಯೂ ಕಡಿಯದೆ ಸಾಗಬೇಕು, ಪರೀಕ್ಷೆ ಮುಗಿಯುವವರೆಗೆ ಅದರ ಮೇಲೆ ಪುಟ್ಟಿಯಾಗಲಿ ಬಣ್ಣವಾಗಲಿ ಬೀಳಬಾರದು.

ಪರೀಕ್ಷೆಯ ಉಪಾಯವನ್ನು ಹೇಳಿಕೊಟ್ಟವರು ಹರಿಹರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ದುಬಾರಿ ಉಪಕರಣವೇನೂ ಬೇಡ. ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ, ಒಂದು ತುದಿಯನ್ನು ಪೆಟ್ಟಿಗೆಗೆ ಜೋಡಿಸಿ, ಸೈಕಲ್ ಪಂಪಿನಿಂದ ಗಾಳಿ ಹಾಕಿ. ಎರಡು ಬದಿಯ ನೀರಿನ ಮಟ್ಟಕ್ಕೆ ಒಂದು ಮೀಟರ್ ಅಂತರ ಬಂದರೆ ಸಾಕು. 60 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಪೂರ್ತಿ ಮುಳುಗಿದರೂ ಅದರ ತಳಕ್ಕೆ ಅಷ್ಟು ಒತ್ತಡ ಬೀಳುವುದಿಲ್ಲ. ಆಮೇಲೆ ಎಲ್ಲ ವೆಲ್ಡಿಂಗಿಗೂ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ನೋಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರವೂ ಬರಬಾರದು. ಆರು ಮೀಟರಿನ ಮೇಲ್ಪ್ಲೇಟಿನ ಮೇಲೆ ಈ ಒಂದು ಮೀಟರ್ ನೀರಿನ ಒತ್ತಡವೇ ಐದು ಟನ್ ದಾಟುತ್ತದೆ. ಟೈರಿಗೆ ಹಾಕುವ ಗಾಳಿ ನುಗ್ಗಿದರೆ ಪೆಟ್ಟಿಗೆ ಸಿಡಿಯುತ್ತದೆ. ಬಿಸಿಲೇರುವ ಮುನ್ನ ಪರೀಕ್ಷೆ ಮುಗಿಸಿ. ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೂ ಪೈಪಿನ ನೀರು ಮೂರು ಸೆಂಟಿಮೀಟರಿಗಿಂತ ಹೆಚ್ಚು ಅಲುಗಾಡುತ್ತದೆ, ಸೋರಿಕೆ ಇದ್ದರೂ ಗೊತ್ತಾಗುವುದಿಲ್ಲ.

ಬಣ್ಣದ ಕಥೆ ಚಿಕ್ಕದು. ಹೊಸ ಪ್ಲೇಟಿನ ಮೇಲಿನ ಕಪ್ಪು ಪದರವನ್ನು ಮರಳು ಸಿಡಿಸಿ ತೆಗೆಯದೆಯೇ ರೆಡ್ ಆಕ್ಸೈಡ್ ಬಳಿದಿದ್ದರು. ನೀರಿನಡಿಯಲ್ಲಿ ಅದು ಬೊಬ್ಬೆಯೆದ್ದಿತು. ಪದರ ಬಿರಿದಲ್ಲೆಲ್ಲ ತುಕ್ಕು ಕುಳಿ ತೋಡಿತ್ತು. ಪದರ ತೆಗೆದ ಮೇಲೆ ಎಪಾಕ್ಸಿ ಬಣ್ಣವೇ ಆಗಬೇಕು.

ಇಷ್ಟೂ ಹಣದ ಮಾತು. ಇದಕ್ಕಿಂತ ದೊಡ್ಡದೊಂದು ನಡೆದೇಬಿಡುತ್ತಿತ್ತು. ದುರಸ್ತಿಗೆಂದು ಮೇಲೆ ಕಿಂಡಿ ಕೊರೆದ ಬಳಿಕ ಮಾಲೀಕರು ವೆಲ್ಡಿಂಗ್ ಹುಡುಗನಿಗೆ "ಒಳಗೆ ಇಳಿದು ನೋಡೋ" ಎಂದರು. ಅವನ ತಲೆ ಕಿಂಡಿಯೊಳಗೆ ಹೋಗುವಷ್ಟರಲ್ಲಿ ಆ ಹಿರಿಯರು ಅಂಗಿ ಹಿಡಿದು ಹಿಂದಕ್ಕೆಳೆದರು. ಮುಚ್ಚಿದ ಪೆಟ್ಟಿಗೆಯಲ್ಲಿ ಉಕ್ಕು ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವನ್ನೇ ತಿನ್ನುತ್ತದೆ. ಗಾಳಿಯಲ್ಲಿ ಶೇ 21ರಷ್ಟಿರಬೇಕಾದದ್ದು ಅರ್ಧಕ್ಕಿಂತ ಕೆಳಗಿಳಿದಿದ್ದರೆ ಇಳಿದವನು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ. ವಾಸನೆ ಇರುವುದಿಲ್ಲ, ಉಸಿರುಗಟ್ಟಿದಂತೆಯೂ ಅನಿಸುವುದಿಲ್ಲ. ಎತ್ತಲು ಹೋದವನ ಗತಿಯೂ ಅದೇ. ನಾವು ಯಾರನ್ನೂ ಇಳಿಸದೆ, ಬ್ಲೋವರ್‌ನಿಂದ ಗಾಳಿ ಆಡಿಸಿ, ಒಂದು ಬದಿಯ ಪ್ಲೇಟನ್ನೇ ಹೊರಗಿನಿಂದ ಕತ್ತರಿಸಿ ತೆಗೆಸಿದೆವು.

ಹೊಸದಾಗಿ ಮಾಡಿಸುವವರು ಪ್ರತಿ ಕೋಣೆಯ ಮೇಲೂ ಬೋಲ್ಟ್ ಮುಚ್ಚಳದ ಒಂದು ರಂಧ್ರ ಬಿಡಿಸಿ. ತಿಂಗಳಿಗೊಮ್ಮೆ ಬಿಚ್ಚಿ ಒಣಗಿದ ಕಡ್ಡಿ ಇಳಿಬಿಡಿ. ತುದಿ ಒದ್ದೆಯಾಗಿ ಬಂದರೆ ಮನೆಯಲ್ಲಿರುವವರನ್ನು ಮೊದಲು ದಡಕ್ಕೆ ಇಳಿಸಿ, ಆಮೇಲೆ ಪಂಪು ಹಚ್ಚಿ.