ನೂರು ಮೀಟರ್‌ನಲ್ಲಿ ಸರಿ, ಎಂಟುನೂರರಲ್ಲಿ ಸದಾ ಕೆಳಗೆ: ತಪ್ಪು ಹಿಡಿಯುವ ದಾರಿಗಳ ಹೋಲಿಕೆ

ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿದ ರೈಫಲ್‌ನಿಂದ ದೂರದ ಗುರಿಗೆ ಹೊಡೆದ ಗುಂಡುಗಳು ಚದುರಿ ಬಿದ್ದರೆ ಮದ್ದನ್ನೋ ನಳಿಕೆಯನ್ನೋ ಟ್ರಿಗರ್ ಎಳೆಯುವ ಬೆರಳನ್ನೋ ಅನುಮಾನಿಸಬೇಕು. ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು) ಬಿಗಿಯಾಗಿದ್ದೂ ಪ್ರತಿ ಸಲ ಒಂದೇ ಕಡೆಗೆ, ಒಂದೇ ಅಳತೆಯಷ್ಟು ತಪ್ಪುತ್ತಿದ್ದರೆ ಎಲ್ಲೋ ಅಳತೆಗೋಲೇ ಸುಳ್ಳು ಹೇಳುತ್ತಿದೆ. ಅದನ್ನು ಹುಡುಕಲು ರೂಢಿಯಲ್ಲಿರುವ ದಾರಿಗಳನ್ನು ಒಂದೇ ರೈಫಲ್ ಮೇಲೆ ಮಾಡಿ ನೋಡಿದರೆ ಯಾವುದು ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದು ತಿಳಿಯುತ್ತದೆ.

ಆ್ಯಪ್‌ನಲ್ಲಿ ವೇಗ ತಿದ್ದುವುದು. ಯಾವ ದೂರಕ್ಕೆ ಎಷ್ಟು ಏರಿಸಬೇಕೆಂದು ಗುಂಡಿನ ವೇಗದಿಂದ ಲೆಕ್ಕಹಾಕಿ ಹೇಳುವ ಆ್ಯಪ್ ಇದು. ಹೆಚ್ಚಿನವರು ಮೊದಲು ಕೈಹಾಕುವುದು ಇಲ್ಲಿಗೇ. ನಮ್ಮ ಮಟ್ಟಿಗೆ ಕೊನೆಗೆ ಮಾಡಬೇಕಾದದ್ದು. ಸ್ಕೋಪ್ ಶೇ. 3ರಷ್ಟು ಕಡಿಮೆ ಚಲಿಸುತ್ತಿದೆ ಎಂದಿಟ್ಟುಕೊಳ್ಳಿ. ಟರೆಟನ್ನು (ಸ್ಕೋಪ್ ಮೇಲಿನ ತಿರುಗುಗುಬ್ಬಿ) 8 ಮಿಲ್ ತಿರುಗಿಸಿದರೆ ಸಿಗುವುದು 7.76. ಒಂದು ಮಿಲ್ ಎಂದರೆ 100 ಮೀಟರ್‌ನಲ್ಲಿ 10 ಸೆಂ.ಮೀ. 800 ಮೀಟರ್‌ನಲ್ಲಿ ಗುಂಡು 19 ಸೆಂ.ಮೀ. ಕೆಳಗೆ. ಆ್ಯಪ್‌ನಲ್ಲಿ ವೇಗವನ್ನು ಸೆಕೆಂಡಿಗೆ ಹತ್ತು ಮೀಟರ್ ಆಸುಪಾಸು ಇಳಿಸಿದರೆ ಅದು 8.25 ಎನ್ನುತ್ತದೆ, ಗುಂಡು ನಡುವಿಗೆ ಬೀಳುತ್ತದೆ, ಎಲ್ಲ ಸರಿಹೋಯಿತೆಂಬ ಭಾವನೆ ಬರುತ್ತದೆ. ಆದರೆ ಟರೆಟ್ ಮುಟ್ಟದೆ ರೆಟಿಕಲ್‌ನ (ಸ್ಕೋಪ್ ಒಳಗೆ ಕಾಣುವ ಗುರಿಗುರುತು) ಗೆರೆ ಎಣಿಸಿ ಹೊಡೆದು ನೋಡಿ: 20 ಸೆಂ.ಮೀ. ಮೇಲೆ! ತಪ್ಪಿದ್ದದ್ದು ಟರೆಟ್‌ನಲ್ಲಿ, ರೆಟಿಕಲ್ ಸರಿಯಾಗಿಯೇ ಇತ್ತು. ವೇಗವನ್ನು ರಾಡಾರ್ ಕ್ರೋನೋಗ್ರಾಫ್‌ನಲ್ಲಿ ಅಳೆದು, ಆ ಅಂಕಿಯನ್ನು ಹಾಗೆಯೇ ಬಿಡಿ. ನಳಿಕೆಗೆ ಕಟ್ಟುವ ಬಗೆಯ ಕ್ರೋನೋಗ್ರಾಫ್ ಆದರೆ ಅದು ಇರುವಾಗ ಗ್ರೂಪ್ ನೋಡಬಾರದು. ಅದರ ಭಾರಕ್ಕೇ ಗುಂಡು ಬೀಳುವ ಜಾಗ ಸರಿಯುತ್ತದೆ.

ಗುಂಡು ಹಾರಿಸದೆ, ಹಲಗೆ ನೋಡಿ. ಬೋಲ್ಟ್ ತೆಗೆದಿಟ್ಟು, ರೈಫಲನ್ನು ಭಾರವಾದ ವೈಸ್‌ನಲ್ಲಿ ಬಿಗಿದು, 100 ಮೀಟರ್ ದೂರದಲ್ಲಿ ಗೆರೆ ಎಳೆದ ಎತ್ತರದ ಹಲಗೆ ನಿಲ್ಲಿಸಬೇಕು. ದೂರವನ್ನು ಟೇಪ್‌ನಲ್ಲೇ ಅಳೆಯಿರಿ. ರೇಂಜ್‌ಫೈಂಡರ್ ಒಂದು ಮೀಟರ್ ಹೆಚ್ಚುಕಡಿಮೆ ತೋರಿಸಿದರೂ ಶೇ. 1ರ ತಪ್ಪು ಆಗಲೇ ಸೇರಿಹೋಯಿತು. ಪ್ಯಾರಲಾಕ್ಸ್ ಹೊಂದಿಸಿ (ಕಣ್ಣು ಅಲುಗಿದರೂ ರೆಟಿಕಲ್ ಗುರಿಯಿಂದ ಸರಿಯಬಾರದು), ರೆಟಿಕಲನ್ನು *ಮೇಲಿನ* ಗುರುತಿನಲ್ಲಿಟ್ಟು, ‘ಅಪ್’ ಕಡೆಗೆ 10 ಮಿಲ್ ತಿರುಗಿಸಿ. ರೆಟಿಕಲ್ ಹಲಗೆಯ ಮೇಲೆ 1000 ಮಿ.ಮೀ. ಕೆಳಗಿಳಿಯಬೇಕು. ಬಳಿಕ ಸೊನ್ನೆಗೆ ತಂದು ಮೊದಲಿನ ಗುರುತಿಗೇ ಬಂತೇ ಎಂದು ನೋಡಿ. ಬರದಿದ್ದರೆ ವೈಸ್ ಅಲುಗಿದೆ ಅಥವಾ ಸ್ಕೋಪ್ ಕೆಟ್ಟಿದೆ. ಎರಡು ಮೂರು ಸಲ ಮಾಡಿದರೆ ಯಾವುದೆಂದು ಗೊತ್ತಾಗುತ್ತದೆ. ಕಾಡತೂಸಿನ ಖರ್ಚಿಲ್ಲ, ಕೈಯ ತಪ್ಪಿಲ್ಲ, ಎರಡು ಮೂರು ಮಿ.ಮೀ. ವ್ಯತ್ಯಾಸವೂ ಕಾಣುತ್ತದೆ. ನಿಖರತೆಯಲ್ಲಿ ಇದನ್ನು ಬೇರಾವ ದಾರಿಯೂ ಮೀರಿಸುವುದಿಲ್ಲ. ಆದರೆ ಇಲ್ಲಿ ಒದೆತವಿಲ್ಲ. ಸಡಿಲವಾದ ಮೌಂಟ್, ಒದೆತಕ್ಕೆ ಜರುಗುವ ಒಳಸ್ಪ್ರಿಂಗ್, ರೈಫಲ್ ಹಿಡಿಯುವವರ ಓರೆ ಇವು ಕಾಣಿಸುವುದೇ ಇಲ್ಲ.

ಎತ್ತರದ ಕಾಗದಕ್ಕೆ ಹೊಡೆದು. ಅದೇ 100 ಮೀಟರ್. ಕಾಗದ ಕನಿಷ್ಠ ಒಂದೂಕಾಲು ಮೀಟರ್ ಎತ್ತರ, ನಡುವೆ ತೂಗುಗುಂಡು ಹಿಡಿದು ಎಳೆದ ನೆಟ್ಟಗಿನ ಗೆರೆ. ಟರೆಟ್ ಸೊನ್ನೆಯಲ್ಲಿಟ್ಟು ಕೆಳಗಿನ ಗುರುತಿಗೆ ಐದು ಗುಂಡು, ಆಮೇಲೆ 10 ಮಿಲ್ ಏರಿಸಿ, *ಕೆಳಗಿನ ಅದೇ ಗುರುತಿಗೆ* ಗುರಿಯಿಟ್ಟು ಐದು ಗುಂಡು. ಗ್ರೂಪ್‌ಗಳ ನಡುಬಿಂದುಗಳ ಅಂತರ ಅಳೆಯಿರಿ. ಒಂಟಿ ಗುಂಡನ್ನು ನಂಬಬೇಡಿ. ನಡುಬಿಂದು ಐದಾರು ಮಿ.ಮೀ. ಆಚೀಚೆ ಆಗುವುದು ಸಹಜ, ಆದ್ದರಿಂದ ಶೇ. 1ಕ್ಕಿಂತ ಕಡಿಮೆ ತಪ್ಪು ಇಲ್ಲಿ ಸಿಕ್ಕುವುದಿಲ್ಲ.

ಇದರ ಬೆಲೆ ಇರುವುದು ಪಕ್ಕದ ತಪ್ಪಿನಲ್ಲಿ. ಮೇಲಿನ ಗ್ರೂಪ್ ಗೆರೆಯಿಂದ 35 ಮಿ.ಮೀ. ಬಲಕ್ಕಿದ್ದರೆ 2 ಡಿಗ್ರಿ ಓರೆ. 800 ಮೀಟರ್‌ನಲ್ಲಿ 8 ಮಿಲ್ ಏರಿಸಿದಾಗ ಅದು 22 ಸೆಂ.ಮೀ. ಆಗುತ್ತದೆ, ಗಾಳಿ ಓದಲು ಬರುವುದಿಲ್ಲ ಎಂದು ನೀವು ನಿಮ್ಮನ್ನೇ ದೂರಿಕೊಳ್ಳುತ್ತೀರಿ. ವೈಸ್‌ನಲ್ಲೂ ರೆಟಿಕಲ್ ಓರೆಯಾಗಿ ಇಳಿದರೆ ಸ್ಕೋಪ್ ತಿರುಗಿ ಕೂತಿದೆ. ಅಲ್ಲಿ ನೆಟ್ಟಗಿದ್ದು ಕಾಗದದಲ್ಲಿ ಮಾತ್ರ ಓರೆಯಾದರೆ ಹಿಡಿತದ್ದು. ಸ್ಕೋಪ್‌ಗೆ ಪುಟ್ಟ ರಸಮಟ್ಟ ಹಾಕಿ, ಪ್ರತಿ ಗುಂಡಿಗೂ ಅದನ್ನು ನೋಡಿ. ಎರಡರಲ್ಲೂ ನೆಟ್ಟಗಿದ್ದು ದೂರದಲ್ಲಿ ಮಾತ್ರ ಬಲಕ್ಕೆ ಹೋದರೆ ಅದು ಬಲಸುತ್ತಿನ (ಗುಂಡನ್ನು ಬಲಕ್ಕೆ ಸುತ್ತಿಸುವ) ನಳಿಕೆಯ ಸಹಜ ಸರಿತ: .308 ಕಾಡತೂಸಿನ 175 ಗ್ರೇನ್ ತೂಕದ ಗುಂಡಿಗೆ 800 ಮೀಟರ್‌ನಲ್ಲಿ 15 ಸೆಂ.ಮೀ. ಆಸುಪಾಸು. ಭೂಮಿ ತಿರುಗುವುದರಿಂದ ಪಕ್ಕಕ್ಕಾಗುವ ಪರಿಣಾಮವನ್ನು ಬೆಂಗಳೂರಿನ ಅಕ್ಷಾಂಶದಲ್ಲಿ ಮರೆತುಬಿಡಬಹುದು. 1000 ಗಜಕ್ಕೂ ಎರಡೂವರೆ ಸೆಂ.ಮೀ. ಅಷ್ಟೇ. ಇಂಗ್ಲೆಂಡಿನ ಬಿಸ್ಲಿ ಶೂಟಿಂಗ್ ರೇಂಜಿನಲ್ಲಾದರೆ ಎಂಟು.

ಸ್ಕೋಪ್ ಬದಲಿಸಿ ನೋಡುವುದು. ತಪ್ಪು ಸ್ಕೋಪ್‌ನದೋ ಅಲ್ಲವೋ ಎಂಬುದಷ್ಟೇ ತಿಳಿಯುತ್ತದೆ, ಎಷ್ಟು ಎಂಬುದು ತಿಳಿಯುವುದಿಲ್ಲ. ಬಿಚ್ಚುವಾಗ ಸ್ಕೋಪ್ ಹಿಡಿಯುವ ರಿಂಗ್‌ಗಳ ಸ್ಕ್ರೂಗಳ ಬಿಗಿತ ನೋಡಿಕೊಳ್ಳಿ. ಸಾಮಾನ್ಯವಾಗಿ 2 ನ್ಯೂಟನ್-ಮೀಟರ್ ಸಾಕು. ಅತಿಯಾಗಿ ಬಿಗಿದರೆ ಕೊಳವೆ ಹಿಸುಕಿ ಒಳಗಿನ ಚಲನೆಯೇ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಸಲ ರಿಂಗ್ ಸಡಿಲಿಸಿ ಸರಿಯಾಗಿ ಬಿಗಿದಾಗ ಹಳೆಯ ಸ್ಕೋಪೇ ನೆಟ್ಟಗಾಗುತ್ತದೆ.

ಮೊದಲು ಹಲಗೆ, ಆಮೇಲೆ ಕಾಗದ: ಇದು ನಮ್ಮ ಕ್ರಮ. ಎಫ್-ಕ್ಲಾಸ್ ಸ್ಪರ್ಧೆಯಂತೆ ಒಂದೇ ದೂರಕ್ಕೆ, ಮೊದಲು ಸೈಟರ್ (ಅಂಕಕ್ಕೆ ಸೇರದ) ಗುಂಡು ಹೊಡೆದು ತಿದ್ದಿಕೊಳ್ಳುವವರಿಗೆ ಟರೆಟ್‌ನ ಶೇ. 3ರ ತಪ್ಪು ಅಷ್ಟಾಗಿ ಕಾಡದು. ಪ್ರಿಸಿಷನ್ ರೈಫಲ್ ಸೀರೀಸ್ ಬಗೆಯ ಸ್ಪರ್ಧೆಯಲ್ಲಿ ದೂರ ಬದಲಾಗುತ್ತಲೇ ಇರುತ್ತದೆ, ಮೊದಲ ಗುಂಡಿಗೇ ಅಂಕ, ಅವರು ಬಿಡುವಂತಿಲ್ಲ. 10 ಮಿಲ್‌ಗೆ 970 ಮಿ.ಮೀ. ಬಂದರೆ ಆ್ಯಪ್‌ನ ಸ್ಕೋಪ್ ತಿದ್ದುಪಡಿಯ ಜಾಗದಲ್ಲಿ 1.031 ಬರೆಯಿರಿ, ಟರೆಟ್‌ನ ಒಂದು ಕ್ಲಿಕ್ಕಿನ ನಿಜ ಅಳತೆ ಕೇಳುವ ಆ್ಯಪ್ ಆದರೆ 0.1 ಮಿಲ್ ಬದಲು 0.097. ಎಡಬಲದ ಟರೆಟನ್ನು ಬೇರೆಯಾಗಿಯೇ ಅಳೆಯಬೇಕು, ಅದರ ತಪ್ಪು ಇದೇ ಆಗಿರಬೇಕೆಂದಿಲ್ಲ.