ಪ್ಯಾಚ್ ಕಳೆದರೆ ಹೇಳುವುದು ಯಾವುದು? ಯೋಕ್ಟೊ, ಬಿಲ್ಡ್‌ರೂಟ್ ಎರಡನ್ನೂ ಬಳಸಿ ನೋಡಿದ್ದು

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಡ್ರೈಯರ್ ಎಷ್ಟು ಕಾದಿದೆ ಎಂದು ತೋರಿಸುವ ಪುಟ್ಟ ಲಿನಕ್ಸ್ ಬೋರ್ಡ್ ಮಾಡಿಕೊಟ್ಟಿದ್ದೇನೆ. ಎರಡು ವರ್ಷ ಅದರ ಲಿನಕ್ಸನ್ನು ಬಿಲ್ಡ್‌ರೂಟ್‌ನಲ್ಲಿ ಕಟ್ಟಿದೆ. ಈಗ ಯೋಕ್ಟೊ. ಎರಡೂ ಇಂಥ ಪುಟ್ಟ ಬೋರ್ಡಿಗೆ ಬೇಕಾದಷ್ಟೇ ಲಿನಕ್ಸನ್ನು ಮೂಲ ಕೋಡಿನಿಂದ ಕಟ್ಟಿಕೊಡುವ ಸಾಧನಗಳು. ಮತ್ತೆ ಹಿಂದಕ್ಕೆ ಹೋಗುವುದಿಲ್ಲ, ಅದಕ್ಕೆ ಕಾರಣ ಹತ್ತು ಸಾಲಿನ ಒಂದು ಪ್ಯಾಚ್, ಅಂದರೆ ಬೇರೆಯವರ ಕೋಡಿಗೆ ನಾನು ಹಚ್ಚುವ ತಿದ್ದುಪಡಿ.

ಸೆನ್ಸರ್‌ಗಳು ಆರ್‌ಎಸ್-485 ತಂತಿಯಲ್ಲಿವೆ, ಅವನ್ನು ಓದಲು ಲಿಬ್‌ಮಾಡ್‌ಬಸ್ ಎಂಬ ಲೈಬ್ರರಿ ಇದೆ. ಸೆನ್ಸರ್‌ಗೆ ಸಂದೇಶ ಕಳಿಸಿದ ಮೇಲೆ ನಮ್ಮ ಬೋರ್ಡಿಗೆ ಒಂಚೂರು ತಡೆದು ಕೇಳಿಸಿಕೊಳ್ಳುವ ಬಿಡುವು ಬೇಕು, ಪ್ಯಾಚ್ ಮಾಡುವುದು ಅಷ್ಟೇ. ಅದನ್ನು ಬಿಲ್ಡ್‌ರೂಟ್‌ನ ಗ್ಲೋಬಲ್ ಪ್ಯಾಚ್ ಫೋಲ್ಡರಿನೊಳಗೆ ಲಿಬ್‌ಮಾಡ್‌ಬಸ್, ಅದರೊಳಗೆ ಆಗಿನ ಆವೃತ್ತಿ 3.1.6ರ ಹೆಸರಿನ ಫೋಲ್ಡರ್ ಮಾಡಿ ಇಟ್ಟಿದ್ದೆ. ಆಮೇಲೆ ಬಿಲ್ಡ್‌ರೂಟ್ ಹೊಸದು ಮಾಡಿಕೊಂಡಾಗ ಲಿಬ್‌ಮಾಡ್‌ಬಸ್ 3.1.10 ಆಯಿತು. ಬಿಲ್ಡ್‌ರೂಟ್ ಮೊದಲು ಆವೃತ್ತಿಯ ಹೆಸರಿನ ಫೋಲ್ಡರ್ ಹುಡುಕುತ್ತದೆ, ಇಲ್ಲದಿದ್ದರೆ ಮೇಲಿನ ಫೋಲ್ಡರಿಗೆ ಬರುತ್ತದೆ. ಅಲ್ಲಿ ಪ್ಯಾಚ್ ಇರಲಿಲ್ಲ. ಇಲ್ಲದ್ದನ್ನು ಅದು ತಪ್ಪು ಎಂದು ಎಣಿಸುವುದಿಲ್ಲ. ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ, ಬೋರ್ಡಿಗೆ ಹಾಕುವ ಇಮೇಜ್ ತಯಾರಾಯಿತು.

ನವೆಂಬರ್, ಸುಗ್ಗಿಯ ಗಡಿಬಿಡಿ. ಗಿರಣಿಯಿಂದ ಫೋನ್: ‘ಸರ, ನಿನ್ನಿತನಾ ಸರಿ ಇತ್ತಲ್ರೀ, ಇವತ್ತು ಡ್ರೈಯರ್ ರೀಡಿಂಗ್ ತೋರ್ಸವಲ್ದು.’ ಕೊಪ್ಪಳದಿಂದ ಓಡಿದೆ. ತಂತಿ ಬದಲಿಸಿದೆ, ಟರ್ಮಿನೇಷನ್ ರೆಸಿಸ್ಟರ್ ಬದಲಿಸಿದೆ, ಸೆನ್ಸರ್ ಬದಲಿಸಿದೆ. ಎರಡು ದಿನ ಅವರು ಕೈಯಲ್ಲಿ ಥರ್ಮಾಮೀಟರ್ ಹಿಡಿದು ಭತ್ತ ಒಣಗಿಸಿದರು. ಕೊನೆಗೆ ಬಿಲ್ಡ್ ಫೋಲ್ಡರಿನಲ್ಲಿ ಹಚ್ಚಿದ ಪ್ಯಾಚುಗಳ ಪಟ್ಟಿಯ ಕಡತ ನೋಡಿದೆ. ಚುಕ್ಕಿಯಿಂದ ಶುರುವಾಗುವ ಹೆಸರು, ಆದ್ದರಿಂದ ಸುಮ್ಮನೆ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲಿ ನನ್ನ ಪ್ಯಾಚ್ ಇರಲಿಲ್ಲ.

ಯೋಕ್ಟೊದಲ್ಲಿ ಇದೇ ತಪ್ಪನ್ನು ಬೇಕೆಂದೇ ಮಾಡಿ ನೋಡಿದೆ. ಪ್ಯಾಚ್ ಅಳಿಸಿದರೆ ಕಡತಗಳನ್ನು ತರುವ ಫೆಚ್ ಹಂತದಲ್ಲೇ ನಿಂತಿತು, ಎಲ್ಲೆಲ್ಲಿ ಹುಡುಕಿದೆ ಎಂದು ಒಂದೊಂದೇ ದಾರಿ ಬರೆದು ತೋರಿಸಿತು. ಇಲ್ಲಿ ಪ್ಯಾಕೇಜ್ ಕಟ್ಟುವ ವಿಧಾನ ಬರೆದ ಕಡತ ರೆಸಿಪಿ, ಅದಕ್ಕೆ ನಮ್ಮದನ್ನು ಸೇರಿಸುವ ಕಡತ ಬಿಬಿಅಪೆಂಡ್. ಬಿಬಿಅಪೆಂಡ್ ಕಡತದ ಹೆಸರಿನಲ್ಲಿ 3.1.6 ಉಳಿಸಿ ರೆಸಿಪಿಯನ್ನು 3.1.10 ಮಾಡಿದರೆ, ಈ ಅಪೆಂಡಿಗೆ ರೆಸಿಪಿಯೇ ಇಲ್ಲ ಎಂದು ಶುರುವಿನಲ್ಲೇ ನಿಂತಿತು. ಆವೃತ್ತಿಯ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿದರೆ ಪ್ಯಾಚ್ ಹಚ್ಚಲು ಹೋಗುತ್ತದೆ; ಕೂಡದಿದ್ದರೆ ಅಲ್ಲಿ ನಿಲ್ಲುತ್ತದೆ. ಮೂರು ಸಲವೂ ತಪ್ಪು ನನ್ನ ಮೇಜಿನ ಮೇಲೆಯೇ ಸಿಕ್ಕಿತು, ಗಿರಣಿಯವರೆಗೆ ಹೋಗಲಿಲ್ಲ.

ಪ್ಯಾಚ್ ಹುಡುಕಬೇಕಾದ ಫೋಲ್ಡರಿನ ದಾರಿಯನ್ನು ಬಿಬಿಅಪೆಂಡಿನಲ್ಲಿ ಸೇರಿಸುವಾಗ ಕೊನೆಯ ಕೋಲನ್ (:) ಮರೆತರೆ ಯೋಕ್ಟೊ ಕಾಡಿಸುತ್ತದೆ, ನಿಜ.

ಕಲಿಯಲು ಬಿಲ್ಡ್‌ರೂಟ್ ಸುಲಭ. ವೇಗದಲ್ಲೂ ಅದೇ ಮುಂದೆ: ನನ್ನ ಯಂತ್ರದಲ್ಲಿ ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಯೋಕ್ಟೊದ ಮೊದಲ ಬಿಲ್ಡಿಗೆ ಇಡೀ ರಾತ್ರಿ ಹೋಯಿತು, ಡಿಸ್ಕ್ ತುಂಬಿ 1 ಟಿಬಿ ಎಸ್‌ಎಸ್‌ಡಿ ಕೊಳ್ಳಬೇಕಾಯಿತು. ಕಟ್ಟಿದ್ದನ್ನು ಎತ್ತಿಡುವ ಎಸ್‌ಸ್ಟೇಟ್ ಕ್ಯಾಶ್ ತುಂಬಿದ ಮೇಲೆ ಬದಲಾದದ್ದಷ್ಟೇ ಮತ್ತೆ ಕಟ್ಟುತ್ತದೆ, ಈಗ ಚಹಾ ಕುಡಿದು ಬರುವಷ್ಟರಲ್ಲಿ ಆಗುತ್ತದೆ. ಬೋರ್ಡ್ ಊರೂರಿನ ಗಿರಣಿಗಳಲ್ಲಿ ಕೂತಿರುವ ನನಗೆ ಎಸ್‌ಎಸ್‌ಡಿ ಖರ್ಚು ಭಾರ ಅನ್ನಿಸಲಿಲ್ಲ.

8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಒಂದೇ ಇರುವವರು ಬಿಲ್ಡ್‌ರೂಟನ್ನೇ ಹಿಡಿಯಿರಿ. ಆದರೆ ಪ್ಯಾಚನ್ನು ಆವೃತ್ತಿಯ ಫೋಲ್ಡರಿನಲ್ಲಿ ಇಡಬೇಡಿ, ಪ್ಯಾಕೇಜಿನ ಹೆಸರಿನ ಫೋಲ್ಡರಿನಲ್ಲೇ ನೇರ ಇಡಿ. ಆಗ ಆವೃತ್ತಿ ಬದಲಾದರೂ ಅದನ್ನು ಹಚ್ಚಲು ನೋಡುತ್ತದೆ, ಆಗದಿದ್ದರೆ ನಿಲ್ಲುತ್ತದೆ. ಪ್ಯಾಚ್ ತಿದ್ದಿದ ಮೇಲೆ ಬರೀ ರೀಬಿಲ್ಡ್ ಸಾಲದು, ಆ ಪ್ಯಾಕೇಜಿನ ಬಿಲ್ಡ್ ಫೋಲ್ಡರ್ ಅಳಿಸುವ ಡಿರ್‌ಕ್ಲೀನ್ ಮಾಡಿಯೇ ಕಟ್ಟಿ.